ನೀಲಗಿರಿಯ ತೋಡರು: ಅಳೆದವರು, ಆಲಿಸಿದವರು

ನೀಲಗಿರಿಯ ಎತ್ತರದ ಹುಲ್ಲುಗಾವಲಿನಲ್ಲಿ ಎಮ್ಮೆ ಸಾಕಿ ಬದುಕಿದ ತೋಡರಿಗೆ ಹಾಲಿನ ಮನೆಯೇ ಗುಡಿ. ಅಲ್ಲಿ ಹಾಲು ಕರೆದು ಮೊಸರು ಕಡೆಯುವವನೇ ಪೂಜಾರಿ. ಇಷ್ಟು ಚಿಕ್ಕ ಸಮುದಾಯವನ್ನು ಕುರಿತು ಇಷ್ಟೊಂದು ಬರೆದಿರುವುದು ಅಪರೂಪ.

ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ತಲೆ, ಮೂಗುಗಳ ಅಳತೆ ಹಿಡಿದು ತೋಡರೂ ಸೇರಿದಂತೆ ಜನರನ್ನು ವಿಂಗಡಿಸಿದರು. ಆ ವಿಧಾನಕ್ಕೆ ಇಂದು ವಿಜ್ಞಾನದ ಮನ್ನಣೆಯಿಲ್ಲ.

1901–02ರಲ್ಲಿ ಬಂದ ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ ದುಭಾಷಿಗಳ ನೆರವಿನಿಂದ ಮನೆತನಗಳ ವಂಶಾವಳಿ ಬರೆದುಕೊಂಡರು. 1906ರಲ್ಲಿ ಪ್ರಕಟವಾದ ಅವರ ‘ದಿ ತೋಡಾಸ್’ ಮಾನವಶಾಸ್ತ್ರದ ಮುಖ್ಯ ಗ್ರಂಥ. ಆದರೆ ಪವಿತ್ರ ತಾಣ, ಆಚರಣೆಗಳ ಗುಟ್ಟನ್ನು ಅವರಿಗೆ ತಿಳಿಸಿದವರಲ್ಲಿ ಒಬ್ಬ ಕಾಯಿಲೆ ಬಿದ್ದ, ಇನ್ನೊಬ್ಬನ ಹೆಂಡತಿ ತೀರಿಕೊಂಡಳು. ಗುಟ್ಟು ಹೊರಬಿದ್ದದ್ದಕ್ಕೆ ದೇವರು ಮುನಿದಿದ್ದಾರೆ ಎಂದರು ಕಣಿ ಹೇಳುವವರು. ಜನ ಬಾಯಿ ಬಿಡಲು ಹಿಂಜರಿದರು. ರಿವರ್ಸ್ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಆ ಗ್ರಂಥಕ್ಕೆ ತೋಡರು ತೆತ್ತ ಬೆಲೆ ಸಣ್ಣದಲ್ಲ.

1930ರ ದಶಕದಲ್ಲಿ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ತೋಡರ ನುಡಿಯನ್ನು, ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ತೋಡ ಹಾಡುಗಳ ಅವರ ಸಂಪುಟ ಹೊರಬಂದದ್ದು 1971ರಲ್ಲಿ.

ಇತ್ತ ವಸಾಹತು ಕಾಲದಲ್ಲಿ ಶುರುವಾದ ಚಹಾ ತೋಟ, ನೀಲಗಿರಿ ಮರ ಮತ್ತು ವಾಟಲ್ ನೆಡುತೋಪುಗಳು ಸ್ವಾತಂತ್ರ್ಯದ ನಂತರವೂ ಹುಲ್ಲುಗಾವಲನ್ನು ನುಂಗುತ್ತ ಹೋದವು. ಎಮ್ಮೆಗಳಿಗೆ ಮೇವು ಕಡಿಮೆಯಾಯಿತು. ಸಂಶೋಧಕರ ಪುಟಗಳಲ್ಲಿ ಈ ನಷ್ಟಕ್ಕೆ ಸಿಗಬೇಕಾದ ಜಾಗ ಬಹುಕಾಲ ಸಿಗಲಿಲ್ಲ.

ತೋಡರ ಊರುಗಳಾದ ‘ಮಂದ್’ಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ, ಪೂಜೆ ನಡೆಯುತ್ತದೆ. ದಯವಿಟ್ಟು ಅವರ ಒಪ್ಪಿಗೆಯಿಲ್ಲದೆ ಒಳಗೆ ಹೋಗಬೇಡಿ, ಫೋಟೊ ತೆಗೆಯಬೇಡಿ.