ವಿಶ್ವಕಿರಣಗಳ ಎಣಿಕೆ

1912ರ ಏಪ್ರಿಲ್ ತಿಂಗಳ ಸೂರ್ಯಗ್ರಹಣದ ವೇಳೆಯಲ್ಲಿ ಬೆಲೂನನ್ನೇರಿದ ವಿಕ್ಟರ್ ಹೆಸ್ ಮಹಾಶಯರು, ಸೂರ್ಯನು ಮರೆಯಾದರೂ ವಿಶ್ವಕಿರಣಗಳು ಕುಂದದಿರುವುದನ್ನು ಕಂಡರು. ಆದರೂ ಹಗಲಿರುಳುಗಳಲ್ಲಿ ಅಲ್ಪಸ್ವಲ್ಪ ಏರಿಳಿತವಾದರೂ ಉಂಟೋ? ಯುದ್ಧದ ದೆಸೆಯಿಂದ ಕೇಂಬ್ರಿಜ್ಜಿನಿಂದ ಹಿಂದಿರುಗಿದ ವಿಕ್ರಮ ಸಾರಾಭಾಯಿಯವರು, ನಮ್ಮ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿ ರಾಮನ್ನರ ಆಶ್ರಯದಲ್ಲಿ ಗೈಗರ್ ನಳಿಗೆಗಳಿಂದ ಎಣಿಸತೊಡಗಿದರು.

ಕೆಲಸವೇನೋ ಎಣಿಕೆಯೇ, ಆದರೆ ಹತ್ತು ಸಾವಿರ ಕಿರಣಗಳನ್ನೆಣಿಸಿದರೆ ನೂರರಷ್ಟು ಹೆಚ್ಚುಕಡಮೆ ಆಕಸ್ಮಿಕವಾಗಿಯೇ ಬರುವುದು. ಹುಡುಕುವ ಏರಿಳಿತವಾದರೋ ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ! ಸಾಲದುದಕ್ಕೆ ವಾಯುಭಾರದ ಕಾಟ. ನಮ್ಮ ಸೀಮೆಯಲ್ಲಿ ಅದು ಬೆಳಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ, ದಿನಕ್ಕೆರಡು ಬಾರಿ ಏರುತ್ತದೆ. ಅದು ಏರಿದಾಗ ಎಣಿಕೆ ಇಳಿಯುತ್ತದೆ. ಈ ಗಾಳಿಯ ಪಾಲನ್ನು ಕಳೆಯದೆ ಸೂರ್ಯನನ್ನು ಹೊಣೆಮಾಡುವುದು ಅನ್ಯಾಯವಲ್ಲವೆ?

1942ರಲ್ಲಿ ಅವರ ಮೊದಲ ಪ್ರಬಂಧವು ಪ್ರಕಟವಾಯಿತು. 1947ರಲ್ಲಿ ಅಹಮದಾಬಾದಿನಲ್ಲಿ ಅವರು ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿಯೂ ಇದೇ ಎಣಿಕೆ ಮುಂದುವರಿಯಿತು.