ರಗಳೆಯ ಗಣ, ಗಣಿತದ ಶ್ರೇಣಿ

ವಿದ್ಯಾರ್ಥಿದೆಸೆಯಲ್ಲಿ ಛಂದಸ್ಸು ನನಗೆ ಬಾಯಿಪಾಠದ ಹೊರೆಯಾಗಿತ್ತು. ಬುದ್ಧಿಗೆ ಕೆಲಸ ಕೊಡುವ ವಿದ್ಯೆ ಗಣಿತವೊಂದೇ ಎಂದು ನಂಬಿದ್ದೆನು.

ಒಂದು ಸಂಜೆ ರಗಳೆಯ ಲಕ್ಷಣವನ್ನು ಓದುತ್ತಿದ್ದೆ. ಉತ್ಸಾಹಕ್ಕೆ ಮೂರು ಮಾತ್ರೆಯ ಗಣ, ಮಂದಾನಿಲಕ್ಕೆ ನಾಲ್ಕು, ಲಲಿತಕ್ಕೆ ಐದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬೇಸರ ಕಳೆಯಲೆಂದು ಪ್ರಸ್ತಾರ ಹಾಕಿದೆ. ಮೂರು ಮಾತ್ರೆಯನ್ನು 3 ಬಗೆಯಲ್ಲಿ ತುಂಬಬಹುದು. ನಾಲ್ಕನ್ನು 5 ಬಗೆಯಲ್ಲಿ. ಐದನ್ನು 8 ಬಗೆಯಲ್ಲಿ. ನಾನು ಬೆರಗಾದೆ. ಇಟಲಿಯ ಫಿಬೊನಾಚಿಯು 1202ರಲ್ಲಿ ಮೊಲಗಳ ಸಂತತಿಯನ್ನು ಎಣಿಸಿ ಕೊಟ್ಟ ಶ್ರೇಣಿ ಇದೇ ಅಲ್ಲವೆ?

ಕಾರಣ ಸರಳವಾದದ್ದು. ಐದು ಮಾತ್ರೆಯ ಗಣವು ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆಗಳಿರುತ್ತವೆ. ಗುರುವಿನಿಂದ ಮುಗಿದರೆ ಮೂರು. ಆದುದರಿಂದ 5 ಮತ್ತು 3 ಕೂಡಿ 8 ಆಗುತ್ತದೆ.

ಮುಂದೆ ತಿಳಿದುಬಂದ ಸಂಗತಿ ಇನ್ನೂ ದೊಡ್ಡದು. ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರನು 1150ರ ಸುಮಾರಿಗೇ ಈ ನಿಯಮವನ್ನು ಛಂದಶ್ಶಾಸ್ತ್ರದ ಮಾತಾಗಿ ಹೇಳಿದ್ದನು. ಅವನಿಗೂ ಶತಮಾನಗಳ ಹಿಂದಿನ ವಿರಹಾಂಕನು ಇದನ್ನು ಬಲ್ಲವನಾಗಿದ್ದನು. ಪರಮಾನಂದ ಸಿಂಗ್ ಅವರು 1985ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಪರಂಪರೆಯನ್ನು ವಿಶದಪಡಿಸಿದ್ದಾರೆ.

ಆ ಲಾಕ್ಷಣಿಕರು ಗಣಿತವನ್ನು ಅರಸಿ ಹೊರಟವರಲ್ಲ. ಪದ್ಯದ ನಡೆಗೆ ಎಷ್ಟು ರೂಪಗಳುಂಟು ಎಂಬುದಷ್ಟೇ ಅವರ ಪ್ರಶ್ನೆ. ಕಿವಿ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಲೆಕ್ಕ. ಕಾವ್ಯಕ್ಕೂ ಗಣಿತಕ್ಕೂ ನಡುವೆ ಗೋಡೆ ಕಟ್ಟಿಕೊಂಡಿದ್ದವನು ನಾನು, ಅವರಲ್ಲ. ಮರುದಿನ ಛಂದಸ್ಸಿನ ತರಗತಿಯಲ್ಲಿ ಮೊದಲ ಸಾಲಿಗೆ ಹೋಗಿ ಕುಳಿತೆನು.