ವಂತಿಗೆಯ ಹಣ, ಅನುಮತಿಯ ಬೆಲೆ: ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಪ್ರಕಟನೆಯನ್ನು ಕುರಿತು

ಗ್ರಂಥವೊಂದನ್ನು ಬೆಳಕಿಗೆ ತರಲು ಎರಡು ಬಲಗಳು ಬೇಕು. ಒಂದು ಧನಬಲ, ಇನ್ನೊಂದು, ಮೂಲದ ಒಡೆತನವುಳ್ಳವರ ಅನುಮತಿ. ಅನೇಕರಿಂದ ಮುಂಗಡವಾಗಿ ವಂತಿಗೆಯೆತ್ತಿ ಕೆಲಸಕ್ಕೆ ತೊಡಗಿದವರ ಮೇಲೆ ಈ ಅನುಮತಿಯ ಕರಾರುಗಳು ಏನು ಪರಿಣಾಮವನ್ನುಂಟುಮಾಡುತ್ತವೆ ಎಂಬುದು ಇಂದು ಹೊಸ ಪ್ರಶ್ನೆಯೆಂಬಂತೆ ಚರ್ಚೆಗೆ ಬಂದಿದೆ. ಆದರೆ ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ಹಿಂದಿನ ಶತಮಾನಗಳ ಸಂಧಿಕಾಲದಲ್ಲಿ ನಡೆದ ಒಂದು ಕಾರ್ಯವು ಇದಕ್ಕೆ ಆಗಲೇ ಉತ್ತರವನ್ನು ಒದಗಿಸಿದೆಯೆಂದು ನಾವು ಭಾವಿಸುತ್ತೇವೆ.

ಮೂಡುಬಿದಿರೆಯ ಗುರು ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಉಂಟು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆ, ಗುಣಧರರ ಕಸಾಯಪಾಹುಡಕ್ಕೆ ಅವರೇ ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ ಜಯಧವಲಾ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ, ಈ ಮೂರರ ತಾಳೆಯೋಲೆ ಪ್ರತಿಗಳು ಉಳಿದುಬಂದದ್ದು ಇಲ್ಲಿಯೇ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಇವನ್ನು ಬರೆಯಿಸಿದವರ ಹೆಸರುಗಳನ್ನೂ ಪ್ರತಿಗಳ ಪ್ರಶಸ್ತಿಗಳು ಕಾಪಾಡಿವೆ. ದೇಮಿಯಕ್ಕನು ಧವಲೆಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಲ್ಲಿಕಬ್ಬೆಯು ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ದಾನವಿತ್ತಳು. ಇಬ್ಬರದೂ ಶ್ರುತಪಂಚಮಿಯ ವ್ರತದ ಅಂಗವಾದ ಶಾಸ್ತ್ರದಾನ. ಓದುವವರ ಕೈಗೆ ಗ್ರಂಥ ಸೇರಲಿ ಎಂಬುದೇ ಇಂತಹ ದಾನದ ತಾತ್ಪರ್ಯ.

ಕಾಲಾಂತರದಲ್ಲಿ ಈ ಪ್ರತಿಗಳು ಓದಿನ ವಸ್ತುಗಳಾಗಿ ಉಳಿಯದೆ ದರ್ಶನದ ವಸ್ತುಗಳಾದವು. ದೂರದಿಂದ ಬಂದ ಯಾತ್ರಿಕರು ಓಲೆಗಳಿಗೆ ಕೈಮುಗಿದು ಹೋಗುತ್ತಿದ್ದರು. ಕಾವಲಿನವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಅವರ ಕಾವಲು ಇಲ್ಲದಿದ್ದರೆ ಓಲೆಗಳೇ ಉಳಿಯುತ್ತಿರಲಿಲ್ಲ.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಗೆಂದು ಬಂದು ಓಲೆಗಳ ಜೀರ್ಣಸ್ಥಿತಿಯನ್ನು ಕಂಡರು. ಅವರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ಪ್ರತಿ ಮಾಡಿಸುವುದಕ್ಕೆಂದು ಸಮಾಜದಿಂದ ವಂತಿಗೆ ಎತ್ತಿದರು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಗಜಪತಿ ಶಾಸ್ತ್ರಿಗಳಿಂದ ಕಾರ್ಯ ಮೊದಲಾಯಿತು. ಬಸದಿಯವರು ಕೊಟ್ಟ ಅನುಮತಿಯ ಕರಾರು ಸ್ಪಷ್ಟವಾಗಿತ್ತು: ನಕಲು ಬಸದಿಯಲ್ಲಿಯೇ ಆಗಬೇಕು, ಆದ ನಕಲು ಅಲ್ಲಿಯೇ ಇರಬೇಕು. ಮೂರು ಗ್ರಂಥಗಳೂ ಮುಗಿಯುವ ಹೊತ್ತಿಗೆ 1922 ಬಂದಿತ್ತು. ಇಪ್ಪತ್ತಾರು ವರ್ಷಗಳ ವೆಚ್ಚದ ಫಲವಾಗಿ ಒಂದು ಪ್ರತಿ ಇದ್ದ ಕಡೆ ಹಲವು ಪ್ರತಿಗಳಾದವು. ಆದರೆ ಅವೆಲ್ಲವೂ ಒಂದೇ ಊರಿನಲ್ಲಿದ್ದವು. ವಂತಿಗೆಯಿತ್ತವರ ಪೈಕಿ ಅನೇಕರಿಗೆ ಒಂದು ಪುಟವನ್ನಾದರೂ ಓದುವ ಅವಕಾಶ ದೊರೆಯಲಿಲ್ಲ.

ಇಂತಹ ಕರಾರು ಮುರಿಯದೆ ಉಳಿಯುವುದು ಅಪರೂಪ. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿ ಹೊರಗೆ ಒಯ್ದರು. ಅದನ್ನು ಮೊದಲು ಹೀರಾಚಂದರಿಗೇ ತೋರಿಸಲಾಯಿತು. ವಂತಿಗೆಯೆತ್ತಲು ಮುಂದಾಗಿದ್ದ ಅವರು ಒಪ್ಪಂದಕ್ಕೆ ವಿರುದ್ಧವೆಂದು ಕೊಳ್ಳಲಿಲ್ಲ. ಕೊಂಡವರು ಸಹಾರನಪುರದ ಲಾಲಾ ಜಂಬೂಪ್ರಸಾದರು. ಅಲ್ಲಿ ನಾಗರಿಗೆ ಇಳಿಸುವ ಕೆಲಸದಲ್ಲಿದ್ದ ಸೀತಾರಾಮ ಶಾಸ್ತ್ರಿಗಳೂ ತಮಗೆಂದು ಒಂದು ಪ್ರತಿ ಇಟ್ಟುಕೊಂಡರು. ಅದರ ನಕಲುಗಳು ಅಮರಾವತಿ, ಕಾರಂಜಾ, ಆರಾ ಮೊದಲಾದ ಕಡೆಗಳಿಗೆ ಹರಡಿದವು. ಹೀಗೆ ಕರಾರಿಗೆ ತಲೆಬಾಗಿದವರು ಬರಿಗೈಯಲ್ಲಿ ಉಳಿದರು. ಓದುಗರಿಗೆ ಗ್ರಂಥ ಮುಟ್ಟಿದ್ದು ಕರಾರು ಮೀರಿದವರಿಂದ.

ಈ ನಕಲುಗಳನ್ನೇ ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ಬೆಳಗಾವಿ ಜಿಲ್ಲೆಯ ಸದಲಗದವರಾದ ಆ.ನೇ. ಉಪಾಧ್ಯೆಯವರು ಸಂಪಾದನೆಗೆ ನೆರವಾದರು. ಆದರೆ ನಕಲಿನ ನಕಲಿನಲ್ಲಿ ಲೋಪಗಳು ಸಹಜ. ಮೊದಲ ಭಾಗದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಬಿಟ್ಟುಹೋಗಿದೆಯೆಂದು ಸಂಪಾದಕರು ಅರ್ಥಬಲದಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ವಿಚಾರಕ್ಕೆ ತಾಗುವ ಪದವಾದುದರಿಂದ ತೀವ್ರ ವಾದವೆದ್ದಿತು. ಮುಂದೆ ಮೂಡುಬಿದಿರೆಯವರು ಉದಾರಭಾವದಿಂದ ಓಲೆಯೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತಾಗ, ಆ ಪದ ಅಲ್ಲಿ ಇದ್ದೇ ಇತ್ತು. ಕದ್ದ ಪ್ರತಿ ಗ್ರಂಥವನ್ನು ಹರಡಿತು. ಒಪ್ಪಿಕೊಟ್ಟ ಪ್ರತಿ ಗ್ರಂಥವನ್ನು ತಿದ್ದಿತು. ಈ ಎರಡು ಸಂಗತಿಗಳನ್ನೂ ಒಟ್ಟಾಗಿ ಗ್ರಹಿಸಬೇಕು.

ನಮ್ಮ ಕಾಲದ ಒಂದು ಪ್ರಸಂಗವನ್ನು ಇದರೊಡನೆ ಹೋಲಿಸಬಹುದು. ಅಮೆರಿಕದಲ್ಲಿ ಜನರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕಥೆಯನ್ನು ಮಾತಿನಲ್ಲಿಯೇ ಬೆಳೆಸುವ ಆಟವುಂಟು. ಬಂಟ್ವಾಳ ಬೆಳ್ತಂಗಡಿಗಳ ತಾಳಮದ್ದಲೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇಂತಹ ಆಟಗಳ ಪೈಕಿ ಪ್ರಸಿದ್ಧವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಒಡೆಯರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ಅದರ ನಿಯಮಗಳನ್ನು ಬಳಸಿ ಪುಸ್ತಕ ಬರೆಯಲು 2000ದಲ್ಲಿ ರಾಯಲ್ಟಿಯಿಲ್ಲದ ಪರವಾನಗಿ ಕೊಟ್ಟಿದ್ದರು. ಅದನ್ನು ನಂಬಿ ಅನೇಕ ಸಣ್ಣ ಪ್ರಕಾಶಕರು ಕಿಕ್‌ಸ್ಟಾರ್ಟರ್ ಮುಖಾಂತರ ಓದುಗರಿಂದ ಮುಂಗಡ ಪಡೆದು ಪುಸ್ತಕ ಅಚ್ಚುಮಾಡಿದರು. 2023ರ ಜನವರಿಯಲ್ಲಿ ಹೊರಬಿದ್ದ ಹೊಸ ಕರಡಿನಂತೆ, ವರ್ಷದ ಆದಾಯದಲ್ಲಿ 7,50,000 ಡಾಲರುಗಳಿಗೆ ಮೀರಿದ ಭಾಗಕ್ಕೆ ನೂರಕ್ಕೆ 25ರಷ್ಟು, ಕಿಕ್‌ಸ್ಟಾರ್ಟರ್ ಮೂಲಕ ಬಂದುದಕ್ಕೆ 20ರಷ್ಟು ರಾಯಲ್ಟಿ ತೆರಬೇಕಿತ್ತು. ಹತ್ತು ಲಕ್ಷ ಡಾಲರು ವಂತಿಗೆ ಎತ್ತಿದವನು 50,000 ಡಾಲರು ಕೊಡಬೇಕು. ಈ ಲೆಕ್ಕ ಲಾಭದ ಮೇಲಿನದಲ್ಲ, ಬಂದ ಹಣದ ಮೇಲಿನದು. ಮುದ್ರಣ, ಸಾಗಾಟಗಳ ವೆಚ್ಚ ಕಳೆದು ಅಷ್ಟು ಉಳಿಯದಿದ್ದರೂ ಕೊಡಲೇಬೇಕು; ಪುಸ್ತಕದ ಬೆಲೆಯನ್ನು ಮೊದಲೇ ಮಾತುಕೊಟ್ಟಿರುವುದರಿಂದ ಏರಿಸುವಂತೆಯೂ ಇಲ್ಲ. ಪ್ರತಿಭಟನೆ ಬಲವಾಗಿ, ಅದೇ ತಿಂಗಳಲ್ಲಿ ಸಂಸ್ಥೆ ಕರಡನ್ನು ಕೈಬಿಟ್ಟು ಮೂಲನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸರ್ವರಿಗೂ ಮುಕ್ತಗೊಳಿಸಿತು.

ಒಂದು ಧರ್ಮಶ್ರದ್ಧೆಯ ವಿಷಯ, ಇನ್ನೊಂದು ವ್ಯಾಪಾರದ್ದು. ಇವೆರಡನ್ನು ಸಮವೆಂದು ನಾವು ಹೇಳುತ್ತಿಲ್ಲ. ಆದರೂ ಎರಡರಿಂದಲೂ ಒಂದೇ ತತ್ತ್ವ ಸಿದ್ಧವಾಗುತ್ತದೆ. ಸ್ವಂತ ಬಂಡವಾಳ ಹೂಡಿದವನು ಕರಾರು ಬಿಗಿಯಾದರೆ ಹಿಂಜರಿಯಬಲ್ಲನು. ವಂತಿಗೆಯೆತ್ತಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಸಾವಿರ ಜನರಿಗೆ ಮಾತು ಕೊಟ್ಟವನು. ಆದಕಾರಣ ಒಡೆಯನಿಗೆ ಸಲ್ಲತಕ್ಕ ಪಾಲೆಷ್ಟು, ಗ್ರಂಥ ಯಾರ ಕೈ ಸೇರಬೇಕು ಎಂಬುದು ಮೊದಲ ರೂಪಾಯಿ ಎತ್ತುವ ಮುನ್ನವೇ ನಿಶ್ಚಯವಾಗಬೇಕು. ಧವಲೆಯ ಹದಿನಾರು ಸಂಪುಟಗಳೂ ಮಹಾಬಂಧದ ಏಳು ಸಂಪುಟಗಳೂ ಇಂದು ನಮ್ಮ ಗ್ರಂಥಾಲಯಗಳಿಗೆ ದೊರೆಯುವಂತಾಗಿವೆ. ಅವುಗಳನ್ನು ತೆರೆಯುವ ವಿದ್ಯಾರ್ಥಿಗಳು ಬರೆಯಿಸಿ ದಾನವಿತ್ತ ದೇಮಿಯಕ್ಕನನ್ನೂ, ಕಾದಿಟ್ಟ ಬಸದಿಯನ್ನೂ, ಓದದೆಯೇ ವಂತಿಗೆಯಿತ್ತ ಹೆಸರಿಲ್ಲದ ಶ್ರಾವಕರನ್ನೂ ಸಮನಾಗಿ ನೆನೆಯುವುದು ಉಚಿತ.